ಮಣ್ಣು ಬೇಯುವ ಶಾಖ, ಗ್ಲೇಜ್ ಕರಗುವ ಶಾಖ: ಹೊಂದದ ಜೋಡಿಯ ದೋಷ ಪತ್ತೆ

ಮೂರು ವಾರ ಬಳಸಿದ ಮೇಲೆ ಒಬ್ಬರು ಕಾಫಿ ಮಗ್ ಒಂದನ್ನು ನನಗೆ ಹಿಂದಕ್ಕೆ ತಂದುಕೊಟ್ಟರು. ಗ್ಲೇಜ್ (ಪಾತ್ರೆಯ ಮೇಲಿನ ಗಾಜಿನಂಥ ಲೇಪ) ಕನ್ನಡಿಯಂತೆ ಹೊಳೆಯುತ್ತಿತ್ತು; ಸೀಳಿರಲಿಲ್ಲ, ರಂಧ್ರವಿರಲಿಲ್ಲ, ಬಣ್ಣ ಕೆಟ್ಟಿರಲಿಲ್ಲ. ಆದರೆ ಕಾಫಿ ತುಂಬಿಸಿ ಇಟ್ಟ ಕಡೆಯಲ್ಲೆಲ್ಲ ಮರದ ಮೇಜಿನ ಮೇಲೆ ಬಳೆಯಾಕಾರದ ತೇವದ ಗುರುತು ಉಳಿಯುತ್ತದೆ, ಮೈಕ್ರೋವೇವ್‌ನಲ್ಲಿಟ್ಟರೆ ಕಾಫಿಗಿಂತ ಮೊದಲು ಹಿಡಿಯೇ ಸುಡುತ್ತದೆ ಎಂಬುದು ಅವರ ದೂರಾಗಿತ್ತು. ಇಂಥದೇ ದೂರು ಹಿಂದೆಯೂ ಒಂದೆರಡು ಬಾರಿ ಬಂದಿತ್ತು. ಆಗ ನಾನು ಗ್ಲೇಜಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿರಬೇಕೆಂದು ಊಹಿಸಿ, ಅದರ ಮಿಶ್ರಣವನ್ನು ಎರಡು ಸಲ ಬದಲಿಸಿ, ಎರಡು ಕಿಲ್ನ್ (ಪಾತ್ರೆ ಸುಡುವ ಕುಲುಮೆ) ತುಂಬ ಸಾಮಾನು ಸುಟ್ಟು, ದೋಷ ನಿವಾರಣೆಯಾಯಿತೆಂದು ನಂಬಿಕೊಂಡಿದ್ದೆ.

ಈ ಬಾರಿ ಗ್ಲೇಜನ್ನು ಮುಟ್ಟಲಿಲ್ಲ. ಮಗ್ಗಿಗೆ ನೀರು ತುಂಬಿಸಿ ಹಳೆಯ ದಿನಪತ್ರಿಕೆಯ ಮೇಲೆ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಎತ್ತಿದಾಗ ಗ್ಲೇಜ್ ಇಲ್ಲದ ತಳದ ಉಂಗುರ ಕೂತಿದ್ದಷ್ಟು ಜಾಗದಲ್ಲಿ ಕಾಗದ ಮೆತ್ತಗಾಗಿ ಉಬ್ಬಿತ್ತು. ಬಳಿಕ ಅದನ್ನು ಒಲೆಯಲ್ಲಿ ಚೆನ್ನಾಗಿ ಒಣಗಿಸಿ ತೂಗಿದಾಗ 312 ಗ್ರಾಂ. ಎರಡು ಗಂಟೆ ಕುದಿಸಿ, ಅದೇ ನೀರಿನಲ್ಲಿ ಮರುದಿನದವರೆಗೆ ಬಿಟ್ಟು, ಮೇಲ್ಮೈ ಒರೆಸಿ ತೂಗಿದಾಗ 331 ಗ್ರಾಂ. ಅಂದರೆ ಆ ಮಗ್ಗು ತನ್ನ ತೂಕದ ಶೇ. 6ರಷ್ಟು ನೀರನ್ನು ಕುಡಿದಿತ್ತು. ಊಟದ ಬಳಕೆಯ, ಹೆಚ್ಚು ಶಾಖಕ್ಕೆ ಸುಟ್ಟು ಗಟ್ಟಿ ಮಾಡುವ ಸ್ಟೋನ್‌ವೇರ್ ಪಾತ್ರೆ ಶೇ. 2ಕ್ಕಿಂತ ಹೆಚ್ಚು ಹೀರಬಾರದು. ಮಣ್ಣಿನ ಚೀಲದ ಮೇಲೆ ‘ಸ್ಟೋನ್‌ವೇರ್, 1200–1300 ಡಿಗ್ರಿ’ ಎಂದು ಅಚ್ಚಾಗಿತ್ತು. ನಾನು ಸುಡುತ್ತಿದ್ದದ್ದು ಕೋನ್ 6ಕ್ಕೆ (ಕೋನ್ ಎಂದರೆ ಕಿಲ್ನಿನ ಶಾಖ ಅಳೆಯುವ ಮಾನ, ವಿವರ ಮುಂದಿದೆ), ಅಂದರೆ ಆ ಅಂಕಿಗಳ ನಡುವೆಯೇ. ಆದ್ದರಿಂದ ಎಲ್ಲವೂ ಸರಿಯಾಗಿದೆ ಎಂದುಕೊಂಡಿದ್ದೆ. ನಿಜಸ್ಥಿತಿಯಲ್ಲಿ ಆ ಮಣ್ಣು ಪೂರ್ಣವಾಗಿ ಬೇಯುವುದು ಕೋನ್ 10ರಲ್ಲಿ. ನನ್ನ ಗ್ಲೇಜ್ ಬೆಂದಿತ್ತು, ಮಣ್ಣು ಬೆಂದಿರಲಿಲ್ಲ.

ಈ ಬರಹ ಅಂಥ ಜೋಡಿಗಳ ಬಗ್ಗೆ. ದೋಷ ಕಣ್ಣಿಗೆ ಕಾಣುವುದು ಗ್ಲೇಜಿನ ಮೇಲಾದ್ದರಿಂದ ಎಲ್ಲರೂ ಮೊದಲು ಗ್ಲೇಜನ್ನೇ ದೂರುತ್ತಾರೆ. ಸ್ಟುಡಿಯೋ ಕುಂಬಾರಿಕೆಯಲ್ಲಿ ನಾನು ಕಂಡ ಬಹುಪಾಲು ದೋಷಗಳ ವಿಚಾರಣೆಯನ್ನು ಮಾತ್ರ ಮಣ್ಣಿನಿಂದಲೇ ಆರಂಭಿಸಬೇಕಿತ್ತು.

ಎರಡು ಶಾಖಗಳ ಲೆಕ್ಕ

ಮಣ್ಣಿಗೂ ಗ್ಲೇಜಿಗೂ ಶಾಖ ಮಾಡುವ ಕೆಲಸ ಬೇರೆ ಬೇರೆ. ಗ್ಲೇಜ್ ಪೂರ್ತಿ ಕರಗಿ, ಹರಡಿ, ತಣಿದಾಗ ಗಾಜಾಗಬೇಕು. ಮಣ್ಣು ಕರಗಬಾರದು, ಅದರೊಳಗಿನ ಫೆಲ್ಡ್‌ಸ್ಪಾರ್‌ನಂತಹ ಖನಿಜಗಳು ಮಾತ್ರ ಕರಗಿ, ಉಳಿದ ಕಣಗಳ ನಡುವಿನ ಸಂದುಗಳನ್ನು ತುಂಬಿ, ಇಡೀ ಗೋಡೆಯನ್ನು ಬೆಸೆಯಬೇಕು. ಈ ಬೆಸುಗೆ ಸಾಕಷ್ಟು ಆದಾಗ ಮಣ್ಣು ಬೆಂದಿತೆನ್ನುತ್ತೇವೆ. ಅದಕ್ಕಿಂತ ಕೆಳಗೆ ನಿಂತರೆ ಸಂದುಗಳು ಉಳಿದು ನೀರು ಹೀರುತ್ತದೆ. ಮೇಲೆ ಹೋದರೆ ಆಕಾರ ಹಿಡಿದಿಡುವ ಶಕ್ತಿ ಕುಂದಿ ಪಾತ್ರೆ ಬಾಗುತ್ತದೆ, ಉಬ್ಬುತ್ತದೆ, ಕೊನೆಗೆ ಕರಗುತ್ತದೆ.

ಬಳಕೆಯಲ್ಲಿರುವ ಮಣ್ಣುಗಳನ್ನು ಸ್ಥೂಲವಾಗಿ ಮೂರು ಮಟ್ಟಗಳಲ್ಲಿ ನೋಡಬಹುದು. ಕೆಂಪು ಅಥವಾ ಬಿಳಿ ಅರ್ದನ್‌ವೇರ್ 1000ರಿಂದ 1100 ಡಿಗ್ರಿಯ ಸುತ್ತ ಸುಡುವಂಥದು. ಸರಿಯಾಗಿ ಸುಟ್ಟರೂ ಶೇ. 10ಕ್ಕಿಂತ ಹೆಚ್ಚು ನೀರು ಹೀರುವುದು ಅದರ ಸ್ವಭಾವ. ಮಧ್ಯಮ ಶಾಖದ ಸ್ಟೋನ್‌ವೇರ್ ಕೋನ್ 5–6ರಲ್ಲಿ, ಅಂದರೆ ಸುಮಾರು 1200ರಿಂದ 1240 ಡಿಗ್ರಿಯಲ್ಲಿ ಬೇಯುತ್ತದೆ. ಹೆಚ್ಚಿನ ಶಾಖದ ಸ್ಟೋನ್‌ವೇರ್ ಮತ್ತು ಪೋರ್ಸಲಿನ್‌ಗೆ ಕೋನ್ 9–10, ಸುಮಾರು 1280ರಿಂದ 1300 ಡಿಗ್ರಿ ಬೇಕು. ಮೊದಲಿನ ಮಟ್ಟಕ್ಕೂ ಕೊನೆಯ ಮಟ್ಟಕ್ಕೂ ಸುಮಾರು 200ರಿಂದ 300 ಡಿಗ್ರಿ ಅಂತರವಿದೆ. ಹೀಗಿರುವಾಗ ಚೀಲದ ಮೇಲೆ ನೂರು ಡಿಗ್ರಿ ಅಗಲದ ವ್ಯಾಪ್ತಿ ಬರೆದಿದ್ದರೆ ಅದು ‘ಇಷ್ಟರೊಳಗೆ ಪಾತ್ರೆ ಕುಸಿಯುವುದಿಲ್ಲ’ ಎಂಬ ಭರವಸೆ ಮಾತ್ರ. ‘ಇಷ್ಟರಲ್ಲಿ ಎಲ್ಲಿ ಸುಟ್ಟರೂ ನೀರು ಸೋರುವುದಿಲ್ಲ’ ಎಂಬ ಭರವಸೆಯಲ್ಲ. ಮಾರುವವರಿಗೆ ಮೊದಲನೆಯದು ಸಾಕು, ಮಗ್ ಮಾಡುವವರಿಗೆ ಸಾಲದು.

ಗ್ಲೇಜಿನ ವಿಷಯದಲ್ಲೂ ಹೀಗೆಯೇ. ಕುಂಬಾರರ ವಲಯದಲ್ಲಿ 4:3:2:1 ಎಂದೇ ಹೆಸರಾದ, ಫೆಲ್ಡ್‌ಸ್ಪಾರ್ 40, ಬೆಣಚು 30, ಸುಣ್ಣದ ಕಲ್ಲಿನ ಪುಡಿ 20, ಬಿಳಿ ಚೈನಾ ಕ್ಲೇ 10 ಭಾಗಗಳ ಗ್ಲೇಜ್ ಕೋನ್ 10ರಲ್ಲಿ ತಿಳಿಯಾಗಿ ಕರಗುತ್ತದೆ. ಅದನ್ನೇ ಕೋನ್ 6ಕ್ಕೆ ಸುಟ್ಟರೆ ಮಸುಕಾಗಿ, ಗಡುಸಾಗಿ, ಬೆರಳಿಗೆ ಒರಟಾಗಿ ಉಳಿಯುತ್ತದೆ. ಕೋನ್ 6ರಲ್ಲಿ ಗ್ಲೇಜ್ ಕರಗಬೇಕಾದರೆ ಸಾಮಾನ್ಯವಾಗಿ ಬೋರಾನ್ ಬೇಕು. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರವೂ ಬೋರಾನಿನ ಮೂಲವೇ. ಆದರೆ ಬಿಳಿಗಾರ ನೀರಿನಲ್ಲಿ ಕರಗಿ ಬಿಸ್ಕ್ ಪಾತ್ರೆಯೊಳಗೆ (ಗ್ಲೇಜ್ ಹಚ್ಚುವ ಮೊದಲು ಒಮ್ಮೆ ಸುಟ್ಟ ಪಾತ್ರೆ) ಇಂಗಿಹೋಗುವುದರಿಂದ, ಅದನ್ನು ಮೊದಲೇ ಬೇರೆ ಖನಿಜಗಳೊಂದಿಗೆ ಕರಗಿಸಿ ಪುಡಿ ಮಾಡಿದ ಫ್ರಿಟ್ ರೂಪದಲ್ಲಿ ಸೇರಿಸುವುದು ವಾಡಿಕೆ.

ಮೊದಲು ಕಿಲ್ನನ್ನು ಅನುಮಾನಿಸಿ

ಮಣ್ಣನ್ನಾಗಲಿ ಗ್ಲೇಜನ್ನಾಗಲಿ ಪರೀಕ್ಷಿಸುವ ಮುನ್ನ, ನೀವು ಎಣಿಸಿದ ಶಾಖ ಪಾತ್ರೆಗೆ ನಿಜವಾಗಿ ತಲುಪಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕಿಲ್ನಿನ ಫಲಕದಲ್ಲಿ ಕಾಣುವ ಅಂಕಿ ಒಳಗಿನ ತಾಪ ಅಳೆಯುವ ಥರ್ಮೋಕಪಲ್‌ನ ತುದಿಯ ಒಂದು ಬಿಂದುವಿನ ತಾಪಮಾನ. ಹಳೆಯದಾದಂತೆ ಥರ್ಮೋಕಪಲ್ ತಪ್ಪು ಹೇಳತೊಡಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಣ್ಣು ಬೇಯುವುದು ತಾಪಮಾನ ಒಂದರಿಂದಲ್ಲ. ಎಷ್ಟು ಹೊತ್ತು ಆ ಶಾಖದಲ್ಲಿತ್ತು ಎಂಬುದರಿಂದಲೂ ಹೌದು. ಅನ್ನ ಸಣ್ಣ ಉರಿಯಲ್ಲಿ ಹೆಚ್ಚು ಹೊತ್ತು ಇದ್ದರೂ ಬೇಯುವಂತೆ.

ಈ ಎರಡನ್ನೂ ಒಟ್ಟಿಗೆ ಅಳೆಯುವುದು ಕೋನ್. ಬರ್ಲಿನ್‌ನಲ್ಲಿ ಹರ್ಮನ್ ಸೇಗರ್ 1886ರಲ್ಲಿ ರೂಪಿಸಿದ ಶಾಖಕ್ಕೆ ಮೆತ್ತಗಾಗಿ ಬಾಗುವ ಈ ಪುಟ್ಟ ಗೋಪುರಗಳನ್ನು ಅಮೆರಿಕದ ಓಹಾಯೋದಲ್ಲಿ ಎಡ್ವರ್ಡ್ ಆರ್ಟನ್ 1896ರಿಂದ ತಯಾರಿಸತೊಡಗಿದರು. ನಾವು ಇಂದು ಹೇಳುವ ಕೋನ್ ಸಂಖ್ಯೆಗಳು ಆರ್ಟನ್ ಪದ್ಧತಿಯವು. ಆರ್ಟನ್ ಕೋನ್ 6 ಕೊನೆಯ ಹಂತದಲ್ಲಿ ಗಂಟೆಗೆ 60 ಡಿಗ್ರಿಯಂತೆ ಏರಿದರೆ ಸುಮಾರು 1220 ಡಿಗ್ರಿಯಲ್ಲಿ ಬಾಗುತ್ತದೆ; ಗಂಟೆಗೆ 150 ಡಿಗ್ರಿಯಂತೆ ಏರಿದರೆ ಸುಮಾರು 1240ರವರೆಗೆ ತಡೆಯುತ್ತದೆ. ಫಲಕದಲ್ಲಿ ಒಂದೇ ಅಂಕಿ ಇದ್ದರೂ ಎರಡು ಸುಡುವಿಕೆಗಳು ಒಂದೇ ಅಲ್ಲ ಎಂಬುದಕ್ಕೆ ಇದೇ ಕಾರಣ. ಬೇಸಿಗೆಯಲ್ಲಿ ವೋಲ್ಟೇಜ್ ಕುಸಿದು ಕಿಲ್ನ್ ತೆವಳುತ್ತ ಏರಿದ ದಿನ, ಅದೇ 1220ರಲ್ಲಿ ನಿಲ್ಲಿಸಿದರೂ ಗ್ಲೇಜ್ ಎಂದಿಗಿಂತ ಹೆಚ್ಚು ಹರಿದಿರುವುದನ್ನು ನಾನು ಕಂಡಿದ್ದೇನೆ.

ಆದ್ದರಿಂದ ಕಿಲ್ನಿನೊಳಗೆ ಪಾತ್ರೆ ಜೋಡಿಸುವ ಪ್ರತಿ ಹಲಗೆಯ ಮೇಲೂ ಕೋನ್ 5, 6, 7ನ್ನು ಸಾಲಾಗಿ ಮಣ್ಣಿನ ತುಂಡಿನಲ್ಲಿ ನೆಟ್ಟು ಇಡಿ. ಗುರಿ ಕೋನ್ 6 ಆಗಿದ್ದರೆ, ತೆರೆದಾಗ 5 ಪೂರ್ತಿ ಮಲಗಿರಬೇಕು, 6ರ ತುದಿ ಬಾಗಿ ತನ್ನ ಬುಡದ ಮಟ್ಟಕ್ಕೆ ಬಂದಿರಬೇಕು, 7 ನೆಟ್ಟಗೆ ನಿಂತಿರಬೇಕು ಅಥವಾ ಸ್ವಲ್ಪವೇ ವಾಲಿರಬೇಕು. ಮೇಲಿನ ಹಲಗೆಯಲ್ಲಿ 7 ಬಾಗಿ ಕೆಳಗಿನ ಹಲಗೆಯಲ್ಲಿ 6 ನಿಂತೇ ಇದ್ದರೆ ನಿಮ್ಮ ದೋಷ ಮಣ್ಣಿನಲ್ಲೂ ಇಲ್ಲ, ಗ್ಲೇಜಿನಲ್ಲೂ ಇಲ್ಲ. ಕಿಲ್ನಿನ ಶಾಖ ಸಮನಾಗಿ ಹರಡುತ್ತಿಲ್ಲ. ಅಂಥಾಗ ಕೊನೆಯಲ್ಲಿ 15–20 ನಿಮಿಷ ಶಾಖ ಹಿಡಿದಿಡುವುದು, ತುಂಬುವ ದಟ್ಟಣೆ ಬದಲಿಸುವುದು, ಸವೆದ ಕಾಯಿಲ್ (ಬಿಸಿಯಾಗುವ ತಂತಿಸುರುಳಿ) ಬದಲಿಸುವುದು, ಇವೇ ಪರಿಹಾರ. ಕೋನ್ ಇಲ್ಲದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ತಕ್ಕಡಿ ಮತ್ತು ಪಟ್ಟಿ

ಮಣ್ಣಿನ ಎರಡು ಪರೀಕ್ಷೆಗಳನ್ನು ಒಂದೇ ಸುಡುವಿಕೆಯಲ್ಲಿ ಮುಗಿಸಬಹುದು. ಸುಮಾರು 12 ಸೆಂ.ಮೀ. ಉದ್ದ, 2.5 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪದ ಪಟ್ಟಿಗಳನ್ನು ಪ್ರತಿ ಚೀಲದ ಮಣ್ಣಿನಿಂದ ಮೂರರಂತೆ ಮಾಡಿ. ಬಿಸ್ಕ್ ಆದ ಮೇಲೆ ಗ್ಲೇಜ್ ಹಚ್ಚದೆ, ನೀವು ಗ್ಲೇಜ್ ಸುಡುವ ಕೋನಿಗೇ ಸುಡಿ. ಒಂದು ಪಟ್ಟಿಯನ್ನು ಎರಡು ತುದಿಗಳಲ್ಲಷ್ಟೇ ಆಧಾರ ಸಿಗುವಂತೆ ಎರಡು ಇಟ್ಟಿಗೆ ಚೂರುಗಳ ಮೇಲೆ ಸೇತುವೆಯಂತೆ ಇಡಿ. ಅಂಟಿಕೊಳ್ಳದಂತೆ ಕೆಳಗೆ ಅಲ್ಯುಮಿನಾ ಪುಡಿ ಚೆಲ್ಲಿರಲಿ.

ಸೇತುವೆಯ ಪಟ್ಟಿ ನಡುವಿನಲ್ಲಿ ಜೋಲಿಯಂತೆ ಜಗ್ಗಿದ್ದರೆ ಆ ಮಣ್ಣಿಗೆ ಆ ಶಾಖ ಹೆಚ್ಚಾಯಿತು. ನೆಟ್ಟಗಿದ್ದರೆ ಅದು ಶುಭಸೂಚನೆಯೂ ಹೌದು, ಮೋಸವೂ ಆಗಬಹುದು; ಏಕೆಂದರೆ ಅರೆಬೆಂದ ಮಣ್ಣೂ ನೆಟ್ಟಗೇ ನಿಲ್ಲುತ್ತದೆ. ಆಗ ತಕ್ಕಡಿಯೇ ತೀರ್ಪುಗಾರ. ಉಳಿದ ಎರಡು ಪಟ್ಟಿಗಳನ್ನು ಮೊದಲು ಹೇಳಿದಂತೆ ಒಣಗಿಸಿ ತೂಗಿ, ಕುದಿಸಿ, ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ತೂಗಿ. ಹೆಚ್ಚಿದ ತೂಕವನ್ನು ಒಣತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹೀರುವಿಕೆಯ ಶೇಕಡಾವಾರು ಸಿಗುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಸಂದುಗಳಲ್ಲಿನ ನೀರೂ ಎಳೆದು ಬಂದು ಲೆಕ್ಕ ತಪ್ಪುತ್ತದೆ, ಹಾಗಾಗಿ ಬಟ್ಟೆ ಒದ್ದೆಯೇ ಇರಲಿ. ಅಡುಗೆಮನೆಯ ಒಂದು ಗ್ರಾಂ ನಿಖರತೆಯ ತಕ್ಕಡಿ ದೊಡ್ಡ ಪಾತ್ರೆಗೆ ಸಾಕು. ಇಷ್ಟು ಸಣ್ಣ ಪಟ್ಟಿಗೆ ಸಾಲದು, ಅದಕ್ಕೆ 0.1 ಗ್ರಾಂ ತೋರಿಸುವ ತಕ್ಕಡಿ ಬೇಕು.

ನನ್ನ ಅನುಭವದಲ್ಲಿ ಸ್ಟೋನ್‌ವೇರ್‌ಗೆ ಶೇ. 1ರಿಂದ 2ರ ನಡುವಿನ ಅಂಕಿ ನೆಮ್ಮದಿಯದು. ಶೇ. 3 ದಾಟಿದರೆ ಹೂದಾನಿ ಮಾಡಲು ಹೊರಡುವವರೂ ಯೋಚಿಸಬೇಕು. ಶೇ. 0.5ಕ್ಕಿಂತ ಕೆಳಗೆ ಇಳಿದಿದ್ದು ಪಟ್ಟಿಯೂ ಜಗ್ಗಿದ್ದರೆ ಅಗಲ ತಟ್ಟೆಗಳ ಅಂಚು ಬೀಳುವುದಕ್ಕೆ ಸಿದ್ಧರಾಗಿ. ಒಂದು ಮಾತು ನೆನಪಿರಲಿ: ಅರೆಬೆಂದ ಮಣ್ಣಿಗೆ ಒಳಗೂ ಹೊರಗೂ ಎರಡು ಪದರ ಗ್ಲೇಜ್ ಬಳಿದರೆ ಸೋರಿಕೆ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ. ತಳದ ಉಂಗುರ ಗ್ಲೇಜ್ ಇಲ್ಲದೆ ತೆರೆದಿರುತ್ತದೆ. ತೊಳೆಯುವಾಗ ಅಲ್ಲಿಂದ ನೀರು ಒಳನುಗ್ಗಿ ಇಡೀ ಗೋಡೆಗೆ ಹರಡುತ್ತದೆ. ಹಿಂದಕ್ಕೆ ಬಂದ ಮಗ್ಗಿನ ಹಿಡಿ ಮೈಕ್ರೋವೇವ್‌ನಲ್ಲಿ ಕಾದದ್ದು ಹೀಗೆ ಒಳಸೇರಿದ ನೀರಿನಿಂದ.

ಲಕ್ಷಣದಿಂದ ಕಾರಣಕ್ಕೆ

ಕಿಲ್ನ್ ತೆರೆದ ಸ್ವಲ್ಪ ಹೊತ್ತಿನಲ್ಲೇ ಪಾತ್ರೆಗಳಿಂದ ‘ಟಿಣ್, ಟಿಣ್’ ಎಂಬ ಸಣ್ಣ ಸದ್ದು ಕೇಳಿಬಂದರೆ ಕಿವಿಗೆ ಹಿತವಾಗಿರಬಹುದು, ಆದರೆ ಅದು ಗ್ಲೇಜ್ ಸೀಳುತ್ತಿರುವ ಸದ್ದು. ಪಾತ್ರೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಜೇಡರ ಬಲೆಯಂತಹ ಗೆರೆಗಳು ಕಾಣುತ್ತವೆ. ಕಾಣದಿದ್ದರೆ ಶಾಯಿ ಸವರಿ ಒರೆಸಿದಾಗ ತೋರುತ್ತವೆ. ಇದಕ್ಕೆ ಕ್ರೇಜಿಂಗ್ ಎನ್ನುತ್ತಾರೆ. ತಣಿಯುವಾಗ ಮಣ್ಣೂ ಗ್ಲೇಜೂ ಕುಗ್ಗುತ್ತವೆ. ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ, ಚಿಕ್ಕ ಅಂಗಿ ತೊಟ್ಟಂತೆ ಅದು ಬಿಗಿದು ಹರಿಯುತ್ತದೆ. ಗ್ಲೇಜ್ ಮಣ್ಣಿಗಿಂತ ಸ್ವಲ್ಪ ಕಡಿಮೆ ಕುಗ್ಗಿ, ಸದಾ ತುಸು ಒತ್ತಡದಲ್ಲಿರುವುದೇ ಒಳ್ಳೆಯ ಜೋಡಿಯ ಲಕ್ಷಣ. ಗಾಜು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ.

ಕ್ರೇಜಿಂಗ್‌ನಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲ ದಿನವೇ, ಹೆಚ್ಚೆಂದರೆ ವಾರದೊಳಗೆ ಕಾಣಿಸಿಕೊಂಡರೆ ಜೋಡಿಯೇ ಹೊಂದುತ್ತಿಲ್ಲ. ಆದರೆ ತಿಂಗಳುಗಳ ನಂತರ, ಬಳಕೆಯಲ್ಲಿದ್ದ ಪಾತ್ರೆಯಲ್ಲಿ ಮೆಲ್ಲಗೆ ಹುಟ್ಟಿಕೊಂಡರೆ, ನೀರು ಹೀರಿದ ಮಣ್ಣು ಉಬ್ಬಿ ಗ್ಲೇಜನ್ನು ಹಿಗ್ಗಿಸಿದೆ ಎಂದರ್ಥ. ಈ ಎರಡನೆಯದಕ್ಕೆ ಗ್ಲೇಜಿನ ಸೂತ್ರ ತಿದ್ದುವುದು ವ್ಯರ್ಥ ಶ್ರಮ. ಮಣ್ಣನ್ನು ಸರಿಯಾಗಿ ಬೇಯಿಸಬೇಕು, ಇಲ್ಲವೇ ಆ ಶಾಖಕ್ಕೆ ಬೇಯುವ ಮಣ್ಣು ತರಬೇಕು. ಅರ್ದನ್‌ವೇರ್‌ನಲ್ಲಿ ಬಿಸ್ಕನ್ನು ಗ್ಲೇಜ್ ಸುಡುವಿಕೆಗಿಂತ ಹೆಚ್ಚಿನ ಶಾಖಕ್ಕೆ, ಕೋನ್ 04ಕ್ಕೆ (ಮುಂದೆ ಸೊನ್ನೆ ಇರುವ ಕೋನ್‌ಗಳಲ್ಲಿ ಸಂಖ್ಯೆ ಹೆಚ್ಚಿದಂತೆ ಶಾಖ ಕಡಿಮೆ) ಅಂದರೆ ಸುಮಾರು 1060 ಡಿಗ್ರಿಗೆ ಒಯ್ದು, ಗ್ಲೇಜನ್ನು ಕೋನ್ 06ಕ್ಕೆ, ಸುಮಾರು 1000 ಡಿಗ್ರಿಗೆ ಸುಡುವ ಪದ್ಧತಿ ಇದಕ್ಕೂ ನೆರವಾಗುತ್ತದೆ.

ಮೊದಲ ಬಗೆಯದಾದರೆ ಗ್ಲೇಜಿನ ಹಿಗ್ಗುಕುಗ್ಗನ್ನು ಇಳಿಸಬೇಕು. ಸೋಡಿಯಂ ಮತ್ತು ಪೊಟ್ಯಾಸಿಯಂ ಅದನ್ನು ಹೆಚ್ಚಿಸುತ್ತವೆ. ಸಿಲಿಕಾ, ಬೋರಾನ್, ಮೆಗ್ನೀಸಿಯಂ ಇಳಿಸುತ್ತವೆ. ಆದ್ದರಿಂದ 100 ಗ್ರಾಂ ಒಣ ಗ್ಲೇಜಿಗೆ 5, 10, 15 ಗ್ರಾಂ ಬೆಣಚಿನ ಪುಡಿ (ಅದೇ ಸಿಲಿಕಾ) ಸೇರಿಸಿದ ಮೂರು ಮಾದರಿಗಳನ್ನು ಒಂದೇ ಸುಡುವಿಕೆಯಲ್ಲಿ ನೋಡುವುದು ಅತ್ಯಂತ ಸರಳ ಆರಂಭ. ಸಿಲಿಕಾ ಹೆಚ್ಚಿದಂತೆ ಗ್ಲೇಜ್ ಕರಗುವ ಶಾಖವೂ ಏರುವುದರಿಂದ, 15 ಗ್ರಾಂ ಸೇರಿದ ಮಾದರಿ ಮಸುಕಾದರೆ ಬೋರಾನ್ ಫ್ರಿಟ್ ಸ್ವಲ್ಪ ಹೆಚ್ಚಿಸಬೇಕಾಗುತ್ತದೆ. ಬೆಣಚಿನ ಪುಡಿ ಶ್ವಾಸಕೋಶಕ್ಕೆ ಹಾನಿಕರ. ಮಾಸ್ಕ್ ಇಲ್ಲದೆ ತೂಗಬೇಡಿ, ಒಣಪುಡಿಯನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಇನ್ನೊಂದು ದಾರಿ ಬಳಪದ ಪುಡಿ, ಬೇಲೂರು ಹಳೇಬೀಡಿನ ಶಿಲ್ಪಿಗಳು ಕೊರೆದ ಕಲ್ಲಿನಲ್ಲಿರುವ ಖನಿಜವೇ. ಗ್ಲೇಜಿನೊಳಗೆ ಸೇರಿದರೆ ಅದರ ಮೆಗ್ನೀಸಿಯಂ ಗ್ಲೇಜಿನ ಕುಗ್ಗುವಿಕೆಯನ್ನು ತಗ್ಗಿಸುತ್ತದೆ. ಕಡಿಮೆ ಶಾಖದ ಮಣ್ಣಿನೊಳಗೆ ಸೇರಿದರೆ ಮಣ್ಣಿನ ಕುಗ್ಗುವಿಕೆಯನ್ನು ಹೆಚ್ಚಿಸುತ್ತದೆ. ಎರಡು ಕಡೆ ಎರಡು ನಡತೆ, ಫಲ ಮಾತ್ರ ಒಂದೇ. ಗ್ಲೇಜ್ ತೀರ ದಪ್ಪವಾಗಿದ್ದರೂ ಕ್ರೇಜಿಂಗ್ ಬರುವುದರಿಂದ, ಸೂತ್ರಕ್ಕೆ ಕೈ ಹಾಕುವ ಮೊದಲು ತೆಳುವಾಗಿ ಅದ್ದಿದ ಒಂದು ತುಂಡನ್ನೂ ಸುಟ್ಟು ನೋಡಿ.

ಇದರ ತದ್ವಿರುದ್ಧ ದೋಷ ಅಪರೂಪ, ಆದರೆ ಅಪಾಯಕಾರಿ. ಬಾಯಿಯ ಅಂಚಿನಲ್ಲಿ, ಹಿಡಿಯ ಏಣಿನಲ್ಲಿ ಗ್ಲೇಜ್ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಚಕ್ಕೆಯ ಅಂಚು ಬ್ಲೇಡಿನಷ್ಟು ಹರಿತ. ಗ್ಲೇಜ್ ಅತಿಯಾದ ಒತ್ತಡದಲ್ಲಿದೆ ಎಂದು ಇದರ ಅರ್ಥ. ಇಲ್ಲಿ ಸಿಲಿಕಾ ಇಳಿಸಿ ಫೆಲ್ಡ್‌ಸ್ಪಾರ್ ಏರಿಸಬೇಕು. ಕ್ರೇಜಿಂಗ್ ಆದ ಬಟ್ಟಲನ್ನು ಕೆಲವರು ಅಂದಕ್ಕೆಂದು ಇಟ್ಟುಕೊಳ್ಳಬಹುದು, ಚಕ್ಕೆ ಏಳುವ ಬಟ್ಟಲನ್ನು ಮಾತ್ರ ಯಾರಿಗೂ ಕೊಡಬೇಡಿ. ಅನುಮಾನವಿದ್ದರೆ ಪಾತ್ರೆಯನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ಬಕೆಟ್ಟಿನೊಳಗೆ ನಿಲ್ಲಿಸಿ ಕುದಿನೀರು ಸುರಿಯಿರಿ; ಒಂದೆರಡು ಬಾರಿ ಹೀಗೆ ಮಾಡಿದರೆ ಕ್ರೇಜಿಂಗ್ ಆಗಲಿ ಚಕ್ಕೆಯಾಗಲಿ ತಿಂಗಳುಗಳ ಬದಲು ದಿನಗಳಲ್ಲಿ ಹೊರಬೀಳುತ್ತದೆ.

ಪಾತ್ರೆಯ ಗೋಡೆಯೇ ಸೀಳಿದ್ದರೆ ಬಿರುಕಿನ ಅಂಚನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಪರೀಕ್ಷಿಸಿ. ಗ್ಲೇಜ್ ಅಂಚಿನಲ್ಲಿ ದುಂಡಗೆ ಹರಿದು ಕೂತಿದ್ದರೆ ಬಿರುಕು ಗ್ಲೇಜ್ ಕರಗುವ ಮೊದಲೇ ಇತ್ತು. ಒಣಗಿಸುವಿಕೆಯನ್ನೋ ಬಿಸ್ಕನ್ನೋ ವಿಚಾರಿಸಬೇಕು. ಅಂಚು ಗಾಜಿನ ಚೂರಿನಂತೆ ಹರಿತವಾಗಿದ್ದರೆ ಅದು ತಣಿಯುವಾಗ ಆದದ್ದು. 573 ಡಿಗ್ರಿಯಲ್ಲಿ ಬೆಣಚಿನ ಹರಳುಗಳ ರಚನೆ ಬದಲಾಗಿ ಗಾತ್ರ ಥಟ್ಟನೆ ಕುಗ್ಗುತ್ತದೆ. ಹೆಚ್ಚು ಶಾಖಕ್ಕೆ ದೀರ್ಘಕಾಲ ಸುಟ್ಟ ಮಣ್ಣಿನಲ್ಲಿ ಹುಟ್ಟುವ ಕ್ರಿಸ್ಟೋಬಲೈಟ್ 226 ಡಿಗ್ರಿಯ ಸುತ್ತ ಹೀಗೆಯೇ ಮಾಡುತ್ತದೆ. ಕಾತರ ತಡೆಯಲಾರದೆ 250 ಡಿಗ್ರಿಯಲ್ಲಿ ಮುಚ್ಚಳ ಎತ್ತುವವರಿಗೆ ಈ ಎರಡನೆಯ ಅಂಕಿಯನ್ನು ಕಿಲ್ನಿನ ಮೇಲೆಯೇ ಬರೆದಿಡಲು ಹೇಳುತ್ತೇನೆ.

ಸೂಜಿರಂಧ್ರಗಳು ಗ್ಲೇಜಿನ ದೋಷದಂತೆ ಕಂಡರೂ ಅನಿಲ ಬರುವುದು ಹೆಚ್ಚಾಗಿ ಮಣ್ಣಿನಿಂದ. ಬಿಸ್ಕನ್ನು ಅವಸರದಲ್ಲಿ ಮುಗಿಸಿದ್ದರೆ ಮಣ್ಣಿನಲ್ಲಿದ್ದ ಸಸ್ಯಾಂಶದ ಇಂಗಾಲ ಸುಟ್ಟುಹೋಗದೆ ಉಳಿದು, ಗ್ಲೇಜ್ ಕರಗಿ ಮೇಲೆ ಮುಚ್ಚಿಕೊಂಡ ನಂತರ ಅನಿಲವಾಗಿ ಗುಳ್ಳೆಯೊಡೆಯುತ್ತದೆ. ಪಾತ್ರೆಯನ್ನು ಒಡೆದು ನೋಡಿ. ಗೋಡೆಯ ನಡುವೆ ಕಪ್ಪು ಪಟ್ಟಿ ಇದ್ದರೆ ಬೇರೆ ಸಾಕ್ಷಿ ಬೇಡ. ಬಿಸ್ಕ್ ಸುಡುವಾಗ 700ರಿಂದ 900 ಡಿಗ್ರಿಯ ನಡುವೆ ನಿಧಾನವಾಗಿ, ಕಿಲ್ನಿಗೆ ಗಾಳಿ ಆಡುವಂತೆ ಏರಿಸಿ, 1000 ಡಿಗ್ರಿಯವರೆಗೆ ಒಯ್ಯಿರಿ. ಈ ಕಪ್ಪು ಒಳಪಟ್ಟಿಯ ಮುಂದಿನ ಅವತಾರವೇ ಗೋಡೆಯೊಳಗೆ ಏಳುವ ಬೊಕ್ಕೆ. ಕಡಲೆಬೀಜದ ಗಾತ್ರದಿಂದ ನಿಂಬೆಹಣ್ಣಿನ ಗಾತ್ರದವರೆಗೆ ಬೊಕ್ಕೆ ಎದ್ದಿರುವುದನ್ನು ನೋಡಿದ್ದೇನೆ. ಎಲ್ಲ ಹಲಗೆಗಳಲ್ಲೂ ಬೊಕ್ಕೆ ಬಂದು ಕೋನ್ ಸರಿಯಾಗಿದ್ದರೆ ಬಿಸ್ಕನ್ನು ತಿದ್ದಿ. ಬಿಸಿ ಹೆಚ್ಚಿದ ಹಲಗೆಯಲ್ಲಿ ಮಾತ್ರ ಬಂದಿದ್ದರೆ ಮಣ್ಣು ತನ್ನ ಮಿತಿ ದಾಟಿದೆ.

ಗ್ಲೇಜ್ ಅರೆಕರಗಿ ಒರಟಾಗಿದ್ದರೆ, ಅದರ ಮೇಲೆ ಒಂದು ಹೋಳು ನಿಂಬೆಹಣ್ಣನ್ನು ಮಗುಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಲ್ಲಿ ಬಣ್ಣ ಮಾಸಿದ್ದರೆ ಆ ಗ್ಲೇಜ್ ಹುಳಿಗೆ ತನ್ನ ಲೋಹಾಂಶವನ್ನು ಬಿಟ್ಟುಕೊಡುತ್ತಿದೆ. ಸಾರು, ಉಪ್ಪಿನಕಾಯಿ, ಮಜ್ಜಿಗೆ ಹುಳಿ ತಿನ್ನುವ ನಮ್ಮಂಥವರ ಊಟಕ್ಕೆ ಅದು ಒಗ್ಗದು. ಬಣ್ಣ ಮಾಸದಿದ್ದರೆ ಪೂರ್ಣ ಸುರಕ್ಷಿತ ಎಂದಲ್ಲ, ಅದಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕು. ಗ್ಲೇಜ್ ಹರಿದು ಹಲಗೆಗೆ ಅಂಟಿದ್ದರೆ ಶಾಖ ಹೆಚ್ಚಾಯಿತು ಅಥವಾ ಪದರ ದಪ್ಪವಾಯಿತು; ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಕೆರೆಮಣ್ಣಿಗೆ ಗ್ಲೇಜ್ ಬೇಕೆಂದಾಗ

ಕಲಿಯಲು ಬಂದಿದ್ದ ಒಬ್ಬರು ತಮ್ಮ ಊರಿನ ಕೆರೆಯ ಮಣ್ಣನ್ನು ತಂದು ಆರು ಬಟ್ಟಲುಗಳನ್ನು ತಿಗರಿಯ ಮೇಲೆ ಎತ್ತಿದ್ದರು. ಮಣ್ಣು ಬೆಣ್ಣೆಯಂತಿತ್ತು, ಬಿಸ್ಕ್ ಆದ ಮೇಲೆ ಇಟ್ಟಿಗೆಗೆಂಪು ಬಣ್ಣಕ್ಕೆ ಬಂದು ಎಲ್ಲರೂ ಮೆಚ್ಚಿದರು. ನಾನು ಊರಲ್ಲಿಲ್ಲದ ದಿನ ಅವಕ್ಕೆ ನಮ್ಮ ಎಂದಿನ ಕೋನ್ 6 ಗ್ಲೇಜ್ ಹಚ್ಚಿ ಉಳಿದ ಸಾಮಾನಿನೊಂದಿಗೆ ಸುಡಲಾಯಿತು. ಮುಚ್ಚಳ ತೆಗೆದಾಗ ಆರು ಬಟ್ಟಲುಗಳ ಜಾಗದಲ್ಲಿ ಕಾಕಂಬಿ ಬಣ್ಣದ, ಗುಳ್ಳೆಗಳಿಂದ ಕೂಡಿದ ಗಾಜಿನ ಮಡುವೊಂದು ಹಲಗೆಯ ಮೇಲೆ ಹೆಪ್ಪುಗಟ್ಟಿತ್ತು. ಒಂದು ಬಟ್ಟಲಿನ ಅಂಚು ಮಾತ್ರ ಅರ್ಧಚಂದ್ರದಂತೆ ಮೇಲೆ ಉಳಿದಿತ್ತು. ಉಳಿಯಿಂದ ಬಿಡಿಸಲು ಹೋಗಿ ಹಲಗೆಯೂ ಒಡೆಯಿತು.

ಕೆರೆಯ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್, ಸುಣ್ಣ, ಕ್ಷಾರಾಂಶಗಳು ಧಾರಾಳವಾಗಿರುತ್ತವೆ. ಇವೆಲ್ಲ ಮಣ್ಣನ್ನು ಬೇಗ ಕರಗಿಸುವಂಥವು. ಹಳ್ಳಿಯ ಆವಿಗೆಯ ಬೆಂಕಿ ಸ್ಟೋನ್‌ವೇರ್ ಶಾಖದ ಹತ್ತಿರಕ್ಕೂ ಹೋಗುವುದಿಲ್ಲ. ಅಲ್ಲಿ ಸುಟ್ಟ ಹೂಜಿ ನೀರನ್ನು ಹೊರಕ್ಕೆ ಜಿನುಗಿಸುತ್ತದೆ, ಆ ಜಿನುಗು ಆವಿಯಾಗುವುದರಿಂದಲೇ ಒಳಗಿನ ನೀರು ತಂಪಾಗುತ್ತದೆ. ಮಗ್ಗಿನಲ್ಲಿ ದೋಷವಾದದ್ದು ಹೂಜಿಯಲ್ಲಿ ಗುಣ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಬಳಸಿದ ಕೆಂಪು ಜೇಡಿಯೂ ಕಡಿಮೆ ಶಾಖದ ಮಣ್ಣುಗಳ ಬಳಗದ್ದೇ. ಇಂಥ ಮಣ್ಣಿನಲ್ಲಿ ಗ್ಲೇಜ್ ಪಾತ್ರೆ ಮಾಡಲೇಬೇಕೆಂದಿದ್ದರೆ 1000ರಿಂದ 1060 ಡಿಗ್ರಿಯಲ್ಲಿ ಕರಗುವ, ಸೀಸವಿಲ್ಲದ ಫ್ರಿಟ್ ಗ್ಲೇಜನ್ನೇ ಹುಡುಕಬೇಕು. ಕಡಿಮೆ ಶಾಖಕ್ಕೆ ಸೀಸದ ಗ್ಲೇಜ್ ಬಲು ಸಲೀಸು ಎಂದು ಯಾರಾದರೂ ಹೇಳಿದರೆ, ಊಟದ ಪಾತ್ರೆಗೆ ಅದನ್ನು ಖಂಡಿತ ಬಳಸಬೇಡಿ. ಕೆರೆಮಣ್ಣಿನಲ್ಲಿ ಸುಣ್ಣಕಲ್ಲಿನ ಹರಳುಗಳಿದ್ದರೆ, ಸುಟ್ಟು ಕೆಲವು ದಿನಗಳಾದ ಮೇಲೆ ಅವು ಗಾಳಿಯ ತೇವ ಹೀರಿ ಅರಳಿ, ಗೋಡೆಯಿಂದ ಬಟ್ಟಲಿನಾಕಾರದ ಚಕ್ಕೆಯನ್ನು ಹಾರಿಸುತ್ತವೆ; ಗುಳಿಯ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಇದೇ ಕಾರಣ. ಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಜರಡಿಯಲ್ಲಿ ಸೋಸುವುದು ಇದಕ್ಕೆ ಮದ್ದು.

ಕೆರೆಮಣ್ಣನ್ನು ಪೂರ್ತಿ ಬಿಡಬೇಕಾಗಿಯೂ ಇಲ್ಲ. ಕೋನ್ 10ರ ಮಣ್ಣು ಕೋನ್ 6ರಲ್ಲಿ ಬೇಯದಿದ್ದಾಗ ಅದಕ್ಕೆ ಶೇ. 5, 10, 15ರಷ್ಟು ಸೋಸಿದ ಕೆರೆಮಣ್ಣನ್ನು ಬೆರೆಸಿ ಪಟ್ಟಿ ಪರೀಕ್ಷೆ ಮಾಡಿದರೆ, ಯಾವುದೋ ಒಂದು ಪ್ರಮಾಣದಲ್ಲಿ ಹೀರುವಿಕೆ ಇಳಿದು, ಜಗ್ಗುವಿಕೆ ಇನ್ನೂ ಆರಂಭವಾಗದ ನೆಲೆ ಸಿಗುವ ಸಾಧ್ಯತೆ ಇದೆ. ಬಣ್ಣ ಕಂದಾಗುತ್ತದೆ, ಬಿಳಿಯೇ ಬೇಕೆನ್ನುವವರು ಕೆರೆಮಣ್ಣಿನ ಬದಲು ಫೆಲ್ಡ್‌ಸ್ಪಾರ್ ಸೇರಿಸಬಹುದು. ಮಣ್ಣಿನ ಮಿಶ್ರಣ ಬದಲಾದೊಡನೆ ಹಳೆಯ ಗ್ಲೇಜ್ ಮತ್ತೆ ಹೊಂದುತ್ತದೆಯೇ ಎಂಬುದನ್ನು ಫ್ರೀಜರ್ ಮತ್ತು ಕುದಿನೀರಿನಿಂದ ಹೊಸದಾಗಿ ನೋಡಲೇಬೇಕು.

ಒಂದು ಸುಡುವಿಕೆಗೆ ಒಂದೇ ಬದಲಾವಣೆ

ಹಿಂದಿರುಗಿ ಬಂದ ಮಗ್ಗಿನ ವಿಷಯದಲ್ಲಿ ನನ್ನ ಮುಂದೆ ಮೂರು ದಾರಿಗಳಿದ್ದವು. ಕೋನ್ 10ಕ್ಕೆ ಸುಡಬಹುದಿತ್ತು. ನನ್ನ ಕಿಲ್ನಿನ ಕಾಯಿಲ್‌ಗಳು ಅಷ್ಟು ಶಾಖಕ್ಕೆ ಬೇಗ ಸವೆಯುತ್ತವೆ, ಕೋನ್ 6ರ ಗ್ಲೇಜ್ ಅಲ್ಲಿ ನೀರಾಗುತ್ತದೆ. ಮಣ್ಣನ್ನು ತಿದ್ದಬಹುದಿತ್ತು, ಅದಕ್ಕೆ ತಿಂಗಳು ಬೇಕು. ಕೋನ್ 6ಕ್ಕೇ ಬೇಯುವ ಬೇರೆ ಮಣ್ಣನ್ನು ತರುವುದು ಮೂರನೆಯದು, ಅದನ್ನೇ ಆರಿಸಿದೆ. ಈ ಬಾರಿ ಮಾರುವವರನ್ನು ‘ಎಷ್ಟು ಡಿಗ್ರಿಯವರೆಗೆ ತಾಳುತ್ತದೆ’ ಎಂದು ಕೇಳಲಿಲ್ಲ; ‘ಕೋನ್ 6ರಲ್ಲಿ ಎಷ್ಟು ನೀರು ಹೀರುತ್ತದೆ’ ಎಂದು ಕೇಳಿದೆ. ಉತ್ತರ ಕೊಡಲಾಗದವರ ಮಣ್ಣನ್ನು ಐದು ಕಿಲೋ ಮಾತ್ರ ಕೊಂಡು ಪಟ್ಟಿ ಮಾಡಿ ಸುಟ್ಟೆ. ಗ್ಲೇಜ್, ಬಿಸ್ಕ್, ಸುಡುವ ವೇಗ, ಕಿಲ್ನಿನಲ್ಲಿ ಇಡುವ ಜಾಗ, ಯಾವುದನ್ನೂ ಬದಲಿಸಲಿಲ್ಲ. ಪ್ರತಿ ಪಟ್ಟಿಯ ಬೆನ್ನ ಮೇಲೆ ಮಣ್ಣಿನ ಸಂಕೇತ, ದಿನಾಂಕ, ಹಲಗೆಯ ಸಂಖ್ಯೆಯನ್ನು ಕಬ್ಬಿಣದ ಆಕ್ಸೈಡಿನಿಂದ ಬರೆದೆ, ಏಕೆಂದರೆ ಪೆನ್ಸಿಲ್ ಗುರುತು ಬೆಂಕಿಯಲ್ಲಿ ಉಳಿಯುವುದಿಲ್ಲ.

ಮೂರು ಮಣ್ಣುಗಳಲ್ಲಿ ಒಂದು ಶೇ. 4.2, ಇನ್ನೊಂದು ಶೇ. 2.8, ಮತ್ತೊಂದು ಶೇ. 1.4 ಹೀರಿತು. ಕೊನೆಯದರಲ್ಲಿ ಎರಡು ಮಗ್ ಎತ್ತಿ, ಅದೇ ಗ್ಲೇಜ್ ಹಚ್ಚಿ, ಸುಟ್ಟು, ನೀರು ತುಂಬಿಸಿ ಮೂರು ರಾತ್ರಿ ದಿನಪತ್ರಿಕೆಯ ಮೇಲೆ ಇಟ್ಟೆ. ಕಾಗದ ಗರಿಗರಿಯಾಗಿಯೇ ಇತ್ತು. ದೂರು ಕೊಟ್ಟವರಿಗೆ ಅವುಗಳಲ್ಲೊಂದನ್ನು ಕಳಿಸಿದೆ. ಹಳೆಯ ಮಣ್ಣಿನಲ್ಲಿ ಮಾಡಿ ಬಿಸ್ಕ್ ಆಗಿದ್ದ ನಲವತ್ತು ಮಗ್‌ಗಳ ತಳಕ್ಕೆ ತೂತು ಕೊರೆದು ತುಳಸಿ, ದೊಡ್ಡಪತ್ರೆ ನೆಟ್ಟಿದ್ದೇನೆ; ಅವು ನೀರನ್ನು ಚೆನ್ನಾಗಿ ಹೀರುತ್ತವೆ.